‘ತಯಾರ್’ ಎನ್ನುವ ತನಕ

ಸ್ಕಾರ್‌ವಿಕಾ
ಮೇ ೯

ಪ್ರೀತಿಯ ಯೋರುನ್,

ಬೈಯಬೇಡ. ನಿನ್ನ ಎರಡು ಕಾಗದಗಳೂ ಫೆಬ್ರವರಿಯಿಂದ ಬ್ರೆಡ್ ಡಬ್ಬಿಯ ಮೇಲೆ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿವೆ. ಇವತ್ತು ಬರೆದೇನು, ನಾಳೆ ಬರೆದೇನು ಅನ್ನುವಷ್ಟರಲ್ಲಿ ಮೇ ತಿಂಗಳು ಬಂತು. ನಿನ್ನ ಮಂಡಿನೋವು ಹೇಗಿದೆ? ನಿಮ್ಮ ಕಣಿವೆಯಲ್ಲಿ ಹಿಮ ಕರಗಿತೇ? ಇಲ್ಲಿ ಊರಿಗೆ ಊರೇ ಬಂದರಿನಲ್ಲಿ ದೋಣಿಗಳ ಹೊಟ್ಟೆ ಕೆರೆಯುತ್ತಾ, ಬಣ್ಣ ಬಳಿಯುತ್ತಾ ಬಿದ್ದಿದೆ. ನಮ್ಮ ದೋಣಿ ‘ತೆರ್ನಾ’ ಮಾತ್ರ ಟಾರ್ಪಾಲಿನಡಿ ಮಲಗಿದೆ.

ಜನವರಿಯಲ್ಲಿ ಹಾಲ್ವರ್‌ಗೆ ಲಕ್ವ ಹೊಡೆದದ್ದು ಫೋನಿನಲ್ಲಿ ಹೇಳಿದ್ದೆನಲ್ಲ. ಕಾಲಿಗೆ ಶಕ್ತಿ ಬಂದಿದೆ. ಮಾತು ಹೋಯಿತು. ಪೂರ್ತಿ ಹೋಗಿಲ್ಲ, ವಿಚಿತ್ರ ಇರುವುದೇ ಅಲ್ಲಿ. ಕಾಫಿ, ಚಮಚ, ಹೆತ್ತ ಮಗಳ ಹೆಸರು, ನನ್ನ ಹೆಸರು, ಎಲ್ಲ ಅಳಿಸಿಹೋಗಿವೆ. ದೋಣಿಯ ಮಾತುಗಳು ಮಾತ್ರ ಒಂದೂ ಬಿಡದೆ ಉಳಿದಿವೆ! ಕಿಟಕಿಯ ಪಕ್ಕ ಕೂರಿಸಿದರೆ ‘ಲೆ, ಲೆ’ ಎನ್ನುತ್ತಾನೆ. ಅಂಗಿಯ ಕೊರಳು ಹಿಡಿದುಕೊಂಡು ‘ಶೋಟ್ ಸಡಿಲಿಸು’ ಎನ್ನುತ್ತಾನೆ. ನಿದ್ದೆ ಬಂದರೆ ‘ಲಂಗರು’. ಅದೊಂದು ನನಗೂ ತಿಳಿಯಿತು. ಇವನ ಜೊತೆ ನಲವತ್ತಾರು ವರ್ಷ ಸಂಸಾರ ಮಾಡಿಯೂ ದೋಣಿಯ ತಂಟೆಗೆ ಹೋಗದವಳು ನಾನು, ಉಳಿದದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ದೊಡ್ಡ ಪೇಚು ನಡಿಗೆಯದು. ಪುರಸಭೆಯ ನರ್ಸ್ ಬಂದವಳು ಕಡ್ಡಿ ಮುರಿದಂತೆ ಹೇಳಿದಳು: “ನೋಡಿ ತೋರ್ಡಿಸ್, ಜೂನ್ ತಿಂಗಳ ಬೇಸಿಗೆ ಹಬ್ಬದೊಳಗೆ ಇವ್ರು ಕೋಣೆಯಿಂದ ಕೋಣೆಗೆ ಓಡಾಡ್ಬೇಕು. ಇಲ್ಲಾಂದ್ರೆ ಆರೈಕೆ ಮನೆಗೆ ಸೇರಿಸೋದೇ. ನಿಮ್ಮೊಬ್ಬರ ಕೈಲಿ ಎತ್ತಿ ಇಳಿಸೋಕಾಗಲ್ಲ.”

ಅವನ ಕಾಲು ನಡೆಯುತ್ತದೆ ಕಣೇ! ಕುರ್ಚಿಯಿಂದ ಬಾಗಿಲವರೆಗೆ ಸಲೀಸಾಗಿ ಬರುತ್ತಾನೆ. ಅಲ್ಲಿ ಪಕ್ಕಕ್ಕೆ ತಿರುಗಬೇಕಲ್ಲ, ಆಗ ನಿಂತುಬಿಟ್ಟು “ತಿರುಗಲು ತಯಾರಾ?” ಎನ್ನುತ್ತಾನೆ.

“ಹೂಂ ಕಣೋ, ನಡಿ.”

“ತಿರುಗಲು ತಯಾರಾ?”

“ಅಯ್ಯೋ ಮಾರಾಯಾ, ಎಷ್ಟ್ ಸಲ ಕೇಳ್ತೀಯ, ನಡಿಯೋ!”

ಬೆನ್ನು ನೂಕಿ ನೋಡಿದೆ. ಅವನಿಗಿಷ್ಟದ ವಾಫೆಲ್ ತಿಂಡಿ ತೋರಿಸಿ ಕರೆದೆ. ಅತ್ತೂ ನೋಡಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು ಕಂಬದಂತೆ ನಿಂತ. “ಮೊಂಡ! ನಿಮ್ಮಪ್ಪನ ಹಾಗೇ ಹುಟ್ಟು ಮೊಂಡ!” ಎಂದು ಬೈದು, ವಾಪಸು ಕುರ್ಚಿಗೆ ತಂದು ಕೂರಿಸುತ್ತಿದ್ದೆ. ಮಾರ್ಚ್ ಎಲ್ಲ ಇದೇ ಗೋಳು.

ಆಮೇಲೆ ಅನ್ನಿಸಿತು, ನನ್ನ ಮಾತು ಅವನಿಗೆ ಬಾರದಿದ್ದರೆ ಅವನ ಮಾತನ್ನು ನಾನೇ ಯಾಕೆ ಕಲಿಯಬಾರದು? ದೋಣಿಮನೆಯಲ್ಲಿ ಮಂಗಳವಾರ ಸಂಜೆ ಹಾಯಿದೋಣಿಯ ಪಾಠವಿದೆ. ಹತ್ತು ವರ್ಷದ ಪಿಳ್ಳೆಗಳ ನಡುವೆ ಎಪ್ಪತ್ತೊಂದರ ನಾನು! ಕಲಿಸುವವಳು ಮೀನಂಗಡಿಯವರ ಮೊಮ್ಮಗಳು ಸುನ್ನಿವಾ. ಮೊದಲ ದಿನವೇ “ಅಜ್ಜೀ, ದೋಣಿಲಿ ಎಡ-ಬಲ ಅಂದೋರು ಎಲ್ರಿಗೂ ಐಸ್‌ಕ್ರೀಮ್ ಕೊಡಿಸ್ಬೇಕು” ಎಂದಳು. ನಾನು ಎರಡು ಸಲ ಕೊಡಿಸಿದೆ. ದೋಣಿಯ ಎಡ ಮಗ್ಗುಲಿಗೆ ಬಾಬೋರ್ಡ್ ಎನ್ನಬೇಕು. ನಮ್ಮ ಮುಖ ಯಾವ ಕಡೆ ಇದ್ದರೂ ಬಾಬೋರ್ಡ್ ಬಾಬೋರ್ಡೇ, ಅದು ನಮ್ಮ ಜೊತೆ ತಿರುಗುವುದಿಲ್ಲವಂತೆ. ಎಷ್ಟು ಚೆಂದದ ಉಪಾಯ! ಒಂದೊಂದು ಹಗ್ಗಕ್ಕೂ ಒಂದೊಂದು ಹೆಸರು, ಮಾಡುವ ಕೆಲಸದ ಮೇಲೆ. ಹಾಯಿಯ ಲಗಾಮಿನಂತೆ ಹಿಡಿಯುವುದು ಶೋಟ್. ಗಾಳಿ ತಾಗದ ಮಗ್ಗುಲು ಲೆ. ಅಂದರೆ ಪಾಪ, ಚಳಿಗಾಲವಿಡೀ ಅವನು ಗಾಳಿ ಹೊಡೆಯುತ್ತಿದೆ, ಬೇರೆ ಕಡೆ ಕೂರಿಸು ಎನ್ನುತ್ತಿದ್ದ. ಮನೆಗೆ ಬಂದವಳೇ ಅವನ ಕುರ್ಚಿ ಒಲೆಯ ಬಳಿ ಎಳೆದೆ. ಹಿಗ್ಗಿನಿಂದ ಮೇಜು ಕುಟ್ಟಿದ. ನಿನಗಿದೆಲ್ಲ ನೀರು ಕುಡಿದಷ್ಟು ಸುಲಭ, ನಗಬೇಡ.

ಮೂರನೆಯ ಪಾಠ ದೋಣಿ ತಿರುಗಿಸುವುದು. ಸುನ್ನಿವಾ ಹೇಳಿದಳು: “ಚುಕ್ಕಾಣಿ ಹಿಡಿದೋರು ‘ತಿರುಗಲು ತಯಾರಾ’ ಅಂತಾರೆ. ಮುಂದೆ ಕೂತೋರು ಶೋಟ್ ಕೈಗೆ ತಗೊಂಡು, ತಲೆ ತಗ್ಗಿಸಿ, ‘ತಯಾರ್!’ ಅಂತ ಕೂಗ್ಬೇಕು. ಹೂಂ ಅನ್ನೋದು, ತಲೆ ಆಡಿಸೋದು ಲೆಕ್ಕಕ್ಕಿಲ್ಲ.”

“ಕೂಗದೇ ಹೋದ್ರೆ?” ಎಂದೆ.

“ತಿರುಗಿಸೋ ಹಾಗಿಲ್ಲ. ತಿರುಗಿಸಿದ್ರೆ ಹಾಯಿಯ ಅಡ್ಡಮರ ಬೀಸಿ ಬಂದು ತಲೆ ಒಡೆಯುತ್ತೆ. ಒಳ್ಳೆ ಚುಕ್ಕಾಣಿಗ, ದೋಣಿ ನೆಟ್ಟಗೆ ಹೋಗಿ ಡೆನ್ಮಾರ್ಕ್ ದಡ ಸೇರಿದ್ರೂ ಸೈ, ಆ ಕೂಗಿಗೆ ಕಾಯ್ತಾನೆ ಅಜ್ಜೀ.”

ತಲೆ ಒಡೆಯಬಾರದೆಂದು ಬಾಗಿಲಲ್ಲಿ ಕಾಯುತ್ತಿದ್ದ ಮನುಷ್ಯನನ್ನು ಮೊಂಡ ಅಂದೆನಲ್ಲ! ಸಂಕಟವಾಯಿತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಅವನು ಕೇಳಿದ. ನಾನು ಡ್ರೆಸ್ಸಿಂಗ್ ಗೌನಿನ ಪಟ್ಟಿಯನ್ನೇ ಶೋಟಿನಂತೆ ಹಿಡಿದು, ತಲೆ ತಗ್ಗಿಸಿ “ತಯಾರ್!” ಎಂದು ಕಿರುಚಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಹಾಲ್ವರ್ ತಿರುಗಿದ. ತಿರುಗಿ ಅಡುಗೆಮನೆಗೆ ನಡೆದ, ಅಲ್ಲಿಂದ ಜಗುಲಿಗೆ. ಗುರುವಾರ ನರ್ಸ್ ನೋಡಿ, “ಆರೈಕೆ ಮನೆ ಮಾತು ಬಿಟ್ಬಿಡೋಣ. ಆದ್ರೆ ಈ ಕಿರುಚಾಟಕ್ಕೆ ಪೊಲೀಸ್ರು ಬಂದ್ರೆ ನನ್ನ ಕೇಳ್ಬೇಡಿ” ಎಂದಳು. ಮೂವರೂ ನಕ್ಕೆವು.

ಮಂಡಿಗೆ ಉಣ್ಣೆ ಸುತ್ತಿಕೋ, ಮೆಟ್ಟಿಲಲ್ಲಿ ಹುಷಾರು. ಈ ಬೇಸಿಗೆ ದೇವರು ನಿನಗೆ ನೋವಿಲ್ಲದ ದಿನಗಳನ್ನೇ ಕೊಡಲಿ.

ನಿನ್ನ
ತೋರ್ಡಿಸ್

ತಾ.ಕ.: ದೋಣಿ ಹತ್ತಿದರೆ ವಾಂತಿ ಬರುತ್ತದೆಂದು ಇಷ್ಟು ವರ್ಷ ನಿನಗೆ ಹೇಳಿದ್ದು ಸುಳ್ಳು. ಮದುವೆಯಾದ ಬೇಸಿಗೆ ದಡ ಸೇರುವಾಗ ತಪ್ಪು ಹಗ್ಗ ಎಳೆದೆ. ಇಡೀ ಬಂದರಿಗೆ ಕೇಳುವಂತೆ ಹಾಲ್ವರ್ ಬೈದ. ಇಳಿದವಳೇ “ಇನ್ಮೇಲೆ ಯೋರುನ್‌ನ ಕರ್ಕೊಂಡ್ ಹೋಗು” ಎಂದೆ. ಹನ್ನೆರಡು ಬೇಸಿಗೆ ಕರೆದುಕೊಂಡು ಹೋದ. ಕಳಿಸಿದವಳು ನಾನೇ, ನಿನ್ನ ತಪ್ಪೇನೂ ಇಲ್ಲ. ಆ ಬೆಳಿಗ್ಗೆ ನಾನು ‘ತಯಾರ್’ ಎಂದಾಗ ಅವನ ಮುಖ ಅರಳಿತು. ಜನವರಿಯಿಂದ ಈಚೆಗೆ ಮೊದಲ ಸಲ ಒಂದು ಹೆಸರು ಅವನ ಬಾಯಿಗೆ ಬಂತು. “ಭೇಷ್, ಯೋರುನ್” ಎಂದ. ನಾನು ತಿದ್ದಲಿಲ್ಲ. ದಿನಕ್ಕೆ ಎಂಟು ಸಲ ನಿನ್ನ ಹೆಸರಿಗೆ ಓಗೊಟ್ಟು ಅವನನ್ನು ನಡೆಸುತ್ತಿದ್ದೇನೆ. ಜೂನ್‌ನಲ್ಲಿ ಬರಲೇ ಎಂದು ಕೇಳಿದ್ದೀಯ. ಬೇಡ ಅನ್ನಲಾರೆ ಯೋರುನ್, ಬಾ ಅನ್ನಲೂ ಇನ್ನೂ ಬಾಯಿ ಬರುತ್ತಿಲ್ಲ.