ಮಾವನ ನ್ಯೂಟ್ರಲ್ ಚಾಳಿ

ಜೂನ್ ೧೦, ಮಂಗಳವಾರ

ಬ್ರೇಕ್ ಸುಟ್ಟ ವಾಸನೆ ಇನ್ನೂ ಮೂಗಲ್ಲೇ ಇದೆ. ಮಾಗಡಿಯಿಂದ ಬರುವಾಗ ಇಳಿಜಾರು ಸಿಕ್ಕಿದ್ದೇ ತಡ, ಮಾವ ಹೊಸ ಆಟೊಮ್ಯಾಟಿಕ್ ಕಾರನ್ನೂ ನ್ಯೂಟ್ರಲ್‌ಗೆ ತಳ್ಳಿದರು. ರೇಷ್ಮೆಗೂಡಿನ ಟೆಂಪೊ ಓಡಿಸುವಾಗ ಡೀಸೆಲ್ ಉಳಿಸಲು ಕಲಿತ ಚಾಳಿ. ತಿರುವಲ್ಲಿ ಎಷ್ಟು ಬ್ರೇಕ್ ಒತ್ತಿದರೂ ಕಾರು ಓಡುತ್ತಲೇ ಇತ್ತು, ಕೆಳಗೆ ಸಮತಟ್ಟು ರಸ್ತೆ ಬಂದ ಮೇಲೇ ನಿಧಾನವಾಯಿತು. ಹಿಂದಿನ ಸೀಟಲ್ಲಿ ಮಗಳು ಸಿರಿ ನಿದ್ದೆಯಲ್ಲಿದ್ದಳು.

"ಮಾವ, ಗೇರಲ್ಲೇ ಇರ್ಲಿ. ಇಳಿಜಾರಲ್ಲಿ ಎಲ್‌ಗೆ, ಅಂದ್ರೆ ಲೋ ಗೇರ್‌ಗೆ ಹಾಕಿದ್ರೆ ಇಂಜಿನ್ನೇ ಗಾಡಿ ಹಿಡಿಯುತ್ತೆ" ಅಂದೆ.

"ಮೂವತ್ತು ವರ್ಷ ಓಡ್ಸಿವ್ನಿ ಕಣವ್ವ. ಅಂಗ್ ಮಾಡುದ್ರೆ ಇಂಜಿನ್ ಕಿರುಚ್ಕೊತದೆ, ಪಾಪ."

ಇಂಜಿನ್ ಮೇಲೆ ಕನಿಕರವಂತೆ! ನಾಳೆ ಸಿರಿಯನ್ನು ಕುದೂರಿಗೆ ಕರ್ಕೊಂಡು ಹೋಗ್ತಾರಂತೆ, ಅದೇ ದಾರಿ. ಕಾರಿನ ಕೀ ತಂದು ದಿಂಬಿನಡಿ ಇಟ್ಟುಕೊಂಡೆ. ಕಣ್ಣು ಮುಚ್ಚಿದಾಗ ನೆನಪಾಯಿತು, ಇನ್ನೊಂದು ಕೀ ಮಾವನ ಉಡಿದಾರದಲ್ಲೇ ಇದೆ.