ಹೇಳಬಾರದ ಹೆಸರು

ಬೂದಿಕೋಟೆ
೧೪-೯-೧೯೮೬

ಅಮ್ಮಾ,

ಬಾಣಂತಿ ಅಕ್ಕನ ಕೈಲಿ ಇದನ್ನು ನಿಧಾನವಾಗಿ ಓದಿಸು. ಮೈಸೂರು ಮೈನ್ಸ್ ಚಿನ್ನದ ಗಣಿಯ ಕ್ವಾರ್ಟರ್ಸಿನ ಸೆಕೆ ಮಗುವಿಗೆ ಒಗ್ಗಿತೇ? ಇಲ್ಲಿ ಹಸುಗಳು ಚೆನ್ನಾಗಿವೆ. ಹಾಲು ನಾನು ಕರೆಯುತ್ತೇನೆ, ಡೈರಿಗೆ ಅಪ್ಪ ಒಯ್ಯುತ್ತಾರೆ.

ಇಂದು ಡಾಕ್ಟರ್ ಮುನಿರತ್ನಮ್ಮ ಬಂದಿದ್ದರು. ಔಷಧಿ ಕೊಡುವ ಡಾಕ್ಟರಲ್ಲ, ಅರ್ಥಶಾಸ್ತ್ರದವರು. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಓದಿದವರು. ತರಗತಿಗೆ ಒಬ್ಬರೇ ಹುಡುಗಿಯಂತೆ. ಹೆಂಗಸರು ಕೊಟ್ಟಿಗೆಯಲ್ಲಿ ಮಾಡುವುದೂ ದುಡಿಮೆಯೇ ಎಂದು ಅವರು ಪುಸ್ತಕ ಬರೆದಾಗ ನಕ್ಕವರು ಈಗ ಅವರ ಕೈಕೆಳಗಿದ್ದಾರೆ. ಸರ್ಕಾರದ ಹೈನು ಸಮಿತಿಗೆ ಅವರೇ ಅಧ್ಯಕ್ಷೆ, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು! ನಿನ್ನಂಥ ಹೆಂಗಸರನ್ನು ಡೈರಿ ಸಂಘಕ್ಕೆ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಬಂದಿದ್ದರು.

ಶಾಲೆಯ ಜಗಲಿಯಲ್ಲಿ ಊರ ಹೆಂಗಸರ ಸಭೆ. ನಾನು ಕಂಬದ ಹಿಂದೆ; ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಮೇಡಂ ಕೇಳಿದರು, “ನೀವು ಹಾಕೋ ಹಾಲು ಯಾರ ಹೆಸರಲ್ಲಿದೆ?” ಯಾರೂ ಬಾಯಿ ಬಿಡಲಿಲ್ಲ. ಚಿಕ್ಕವೆಂಕಟಮ್ಮತ್ತೆ ಸೆರಗು ಕಚ್ಚಿಕೊಂಡು ನೆಲ ನೋಡಿದರು.

“ನೋಡಿದ್ರಾ ಮೇಡಂ? ಇವ್ರಿಗೇನೂ ಗೊತ್ತಿಲ್ಲ. ಮೆಂಬರ್ ಮಾಡಿ ಏನ್ ಮಾಡೋದು?” ಎಂದು ಸಂಘದ ಕಾರ್ಯದರ್ಶಿ ಅಶ್ವತ್ಥಪ್ಪ ನಕ್ಕ. ಮೇಡಂ ಮುಖ ಬಾಡಿತು.

ಎಲ್ಲಿತ್ತೋ ನನಗೆ ಧೈರ್ಯ! “ಗೊತ್ತಿದೆ ಮೇಡಂ. ಗಂಡನ ಹೆಸರು ಹೇಳಬಾರದಲ್ಲ, ಅದಕ್ಕೇ ಸುಮ್ಮನಿದ್ದಾರೆ” ಎಂದುಬಿಟ್ಟೆ.

ಮೇಡಂ ಹಣೆ ಚಚ್ಚಿಕೊಂಡರು. “ನಮ್ಮಮ್ಮನೂ ಹೇಳ್ತಿರ್ಲಿಲ್ಲ! ಓದಿ ಓದಿ ಮರೆತೇಬಿಟ್ಟೆ.”

ಆಮೇಲೆ ಅತ್ತೆಯನ್ನು ಹಿಡಿಯುವವರಿಲ್ಲ. “ನಿಮ್ಮನೇಲಿ ಆಲು ಕರ್ಯೋರು ಯಾರ್ಲಾ ಅಶ್ವತ್ಥಾ? ನಿನ್ನ ಕಂಡ್ರೆ ಅಸ ಒದೀತೈತೆ!” ಜಗಲಿಯೆಲ್ಲ ನಗು.

“ಹೇಳೋಕೆ ನಾಚಿಕೆಯಿಲ್ಲದ ಹೆಸರು ಬರ್ಕೊಳ್ಳಿ. ಅವರವರದೇ,” ಎಂದರು ಮೇಡಂ. ಅಶ್ವತ್ಥಪ್ಪ ಅಲ್ಲೇ ಮೆಂಬರ್ ಪಟ್ಟಿಗೆ ಬರೆದುಕೊಂಡ. ನಿನ್ನದನ್ನು ನಾನೇ ಕೂಗಿ ಹೇಳಿದೆ. ನೀನು ಬಂದು ಹೆಬ್ಬೆಟ್ಟು ಒತ್ತಿದರೆ ಮುಗಿಯಿತು.

ಹೊರಡುವಾಗ ಮೇಡಂ ನನ್ನನ್ನು ಸಮಿತಿಯ ಕೆಲಸಕ್ಕೆ ಕರೆದರು. ಕನ್ನಡ ಬಿ.ಎ., ಲೆಕ್ಕ ಬಾರದು ಎಂದೆ. ಲೆಕ್ಕ ತಾವು ಕಲಿಸುವುದಾಗಿಯೂ, ಸುಮ್ಮನಿರುವವರನ್ನು ಓದುವುದನ್ನು ನಾನು ಕಲಿಸಬೇಕೆಂದೂ ಹೇಳಿದರು. ಒಪ್ಪಿಬಿಟ್ಟೆ ಅಮ್ಮಾ. ಅಪ್ಪನಿಗೆ ನೀನೇ ಹೇಳು.

ನಿನ್ನ
ಅಮ್ಮಾಜಿ

ಮರೆಯುವ ಮುನ್ನ: ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ. ಈಗಷ್ಟೇ ಅಪ್ಪನ ಜೊತೆ ನಾನೂ ಡೈರಿಗೆ ಹೋಗಿ ಬಂದೆ. ಅಲ್ಲಿ ಅಶ್ವತ್ಥಪ್ಪ ಬೇಕೆಂದೇ ಅಪ್ಪನನ್ನು ಕೇಳಿದ, “ಯಾರೆಸ್ರಿಗೆ ಬರ್ಕೊಳ್ಳಲಣ್ಣ?” ನಿನ್ನನ್ನು “ಏ, ಇವ್ಳೇ” ಎನ್ನುವುದು ಬಿಟ್ಟು ಬೇರೆ ರೀತಿ ಕರೆದೇ ಇಲ್ಲವಲ್ಲ ಅಪ್ಪ! ಕಿವಿಯವರೆಗೆ ಕೆಂಪಾದರು. ಕೊನೆಗೆ ಹಾಲಿನ ಕ್ಯಾನಿನೊಳಗೆ ನೋಡುತ್ತಾ “ಮುತ್ಯಾಲಮ್ಮ” ಎಂದರು. ಮನೆಗೆ ಬರುವಾಗ ದಾರಿಯಲ್ಲಿ, ಯಾರೂ ಕೇಳದಿದ್ದರೂ, ಮೆಲ್ಲಗೆ ಇನ್ನೊಮ್ಮೆ ಅಂದರು.