ಬೇಕಂತಲೇ ಬಿಟ್ಟು ಹೋದ ಬುತ್ತಿ

ಶೈಲಾ ಅಕ್ಕಾ,

ಬುತ್ತಿ ಒಲೆಯ ಪಕ್ಕದಲ್ಲಿದೆ. ಮರೆತಿಲ್ಲ, ಬೇಕಂತಲೇ ಬಿಟ್ಟು ಹೊಲಕ್ಕೆ ಹೋಗಿದ್ದೇನೆ. ಎಂಟು ಗಂಟೆಯೊಳಗೆ ನೀನೇ ತಂದುಕೊಡು.

ನಿನ್ನೆ ನೀನು ಅದನ್ನು ಅವ್ವನ ಕೈಲಿ ಕೊಟ್ಟು ಕಳಿಸಿದೆ. ಅವಳು ಮೊಣಕಾಲು ಹಿಡಿದುಕೊಂಡು ಬದುವಿನ ಮೇಲೆ ಬರುವುದನ್ನು ನೋಡಿ ಮೈ ಉರಿಯಿತು. "ಆಕಿ ಬರ್ಲಿಲ್ಲಂದ್ರ ನನಗೂ ರೊಟ್ಟಿ ಬ್ಯಾಡ" ಎಂದು ಬೈದು ವಾಪಸ್ ಕಳಿಸಿದೆ. ಅಳುತ್ತಾ ಹೋದಳು. ಅದು ನನ್ನ ತಪ್ಪು, ಗೊತ್ತಿದೆ.

ನೀನು ಹಡೆಯಲು ತವರಿಗೆ ಬಂದೆ. ಕೂಸು ಹೋಗಿ ಎರಡು ತಿಂಗಳಾಯಿತು, ನೀನು ಒಳಕೋಣೆ ಬಿಟ್ಟಿಲ್ಲ. ದಿನಾ ಒಂದು ತಾಸು ಬಿಸಿಲಲ್ಲಿ, ಗಾಳಿಯಲ್ಲಿ ಅಡ್ಡಾಡಬೇಕು, ಅದೂ ಔಷಧವೇ ಅಂತ ಡಾಕ್ಟರು ನಿನ್ನೆದುರಿಗೇ ಹೇಳಿದರು. "ಮಂದಿ ಕೇಳ್ತಾರೋ ತಮ್ಮಾ" ಅಂತೀಯ. ಹೌದು, ಕೇಳುತ್ತಾರೆ. ಕಟ್ಟೆಯ ಮೇಲೆ ಕೂರುವ ಬಾಯವ್ವನ ಜೊತೆ ಮೊನ್ನೆ ಜಗಳಾಡಿದೆ. ಊರಿನವರೆಲ್ಲರ ಬಾಯಿ ಮುಚ್ಚಿಸಲು ನನ್ನಿಂದ ಆಗದು. ನೀನು ಹಿತ್ತಲ ಬಾಗಿಲಿನಿಂದ ಹಳ್ಳದ ದಾರಿ ಹಿಡಿದು ಬಾ. ಅಲ್ಲಿ ಯಾರೂ ಸಿಗುವುದಿಲ್ಲ.

ನಾನು ಹೆಚ್ಚು ಓದಿದವನಲ್ಲ, ಸಮಾಧಾನದ ಮಾತು ಹೇಳಲು ಬರುವುದಿಲ್ಲ. ಹಸಿದು ಕಾಯುವುದೊಂದೇ ನನಗೆ ಗೊತ್ತಿರುವ ಉಪಾಯ.

ಬೇಗ ಬಂದರೆ ಕಡಲೆ ಗಿಡದ ಮೇಲೆ ಇಬ್ಬನಿ ಇನ್ನೂ ಇರುತ್ತದೆ. ಸಣ್ಣವಳಿದ್ದಾಗ ಹುಳಿ ಹುಳಿ ಅಂತ ಅದರ ಎಲೆ ನೆಕ್ಕುತ್ತಿದ್ದೆ. ಅದನ್ನೆಲ್ಲ ನೋಡಲು ಮನಸ್ಸಿಲ್ಲದಿದ್ದರೆ ಬದುವಿನ ಮೇಲೆ ಸುಮ್ಮನೆ ಕೂತು ಹೋಗು. ನಾನು ಮಾತಾಡಿಸುವುದಿಲ್ಲ.

ಇವತ್ತೂ ಬರದಿದ್ದರೆ ಯಾರನ್ನೂ ಬಯ್ಯುವುದಿಲ್ಲ. ಬುತ್ತಿ ಮಾತ್ರ ನಾಳೆಯೂ ಇಲ್ಲೇ ಬಿಡುತ್ತೇನೆ.

ಭೀಮಶಿ